ಅಳಿಯಂದಿರ ಚಾಕುವಿನ ತುದಿ

ನನಗೆ ಮೊಮ್ಮಗಳು ಹುಟ್ಟಿದಳು! ಮಧ್ಯಾಹ್ನ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಸಿಯಾಟಲ್ ಹತ್ತಿರದ ಒಂದು ಆಸ್ಪತ್ರೆಯ ಮೂರನೇ ಮಾಳಿಗೆಯಲ್ಲಿ, ತಲೆ ತುಂಬ ಕಪ್ಪು ಕೂದಲು ಹೊತ್ತುಕೊಂಡು, ಎರಡೂ ಮುಷ್ಟಿ ಬಿಗಿಹಿಡಿದು, ಯಾರೋ ನಿದ್ದೆಗೆಡಿಸಿದರು ಎಂಬಂತೆ ಕಿರುಚುತ್ತ ಹುಟ್ಟಿದಳು. ನರ್ಸು ಅವಳನ್ನು ಪಟ್ಟೆ ಪಟ್ಟೆಯ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ಹಣೆ ನನ್ನ ಮಗಳದು, ಗದ್ದ ಅಳಿಯಂದಿರದು, ಕಿವಿ ಮಾತ್ರ ಸುಳ್ಳಲ್ಲ, ನನ್ನದೇ. ಆ ಕಿವಿಯನ್ನು ಎಷ್ಟು ಸಲ ನೋಡಿದೆನೋ. ಕಾರಿಡಾರಿನಲ್ಲಿ ಹೋಗುತ್ತಿದ್ದ ಒಬ್ಬ ಗೊತ್ತಿಲ್ಲದ ಬಿಳಿಯ ಹೆಂಗಸನ್ನೂ ಕರೆದು ತೋರಿಸಿದೆ. ಅವಳಿಗೆ ನನ್ನ ಮಾತು ತಿಳಿಯಲಿಲ್ಲ, ಆದರೂ ಕೈ ಜೋಡಿಸಿ ನಕ್ಕು ಹೋದಳು.

ಅಷ್ಟು ಸಂತೋಷದ ದಿನ ಅದು. ಇವತ್ತಿಗೂ ನೆನೆದರೆ ನನ್ನ ಮುಖ ಮೊದಲು ಅರಳುತ್ತದೆ, ಆಮೇಲೆ ನೆಲ ನೋಡುತ್ತದೆ. ಯಾಕೆಂದರೆ ಆ ಕೂಸು ಹುಟ್ಟುವಾಗ ಅದರ ಅಪ್ಪ ಅಲ್ಲಿ ಇಲ್ಲದ ಹಾಗೆ ಆಗುವುದಿತ್ತು, ಮತ್ತು ಹಾಗೆ ಆಗಲು ನಾನೇ ಕಾರಣಳಾಗುತ್ತಿದ್ದೆ. ಸಂತೋಷವನ್ನು ಮಾತ್ರ ಬರೆದು ಇದನ್ನು ಬಿಟ್ಟರೆ ಸುಳ್ಳು ಬರೆದಂತೆ. ನಾನು ಮೂರನೇ ಇಯತ್ತೆಯವರೆಗೆ ಓದಿದವಳು. ಅಕ್ಷರ ತಪ್ಪಿದರೆ ತಿದ್ದುವವರು ತಿದ್ದಲಿ, ನಡೆದದ್ದನ್ನು ಮಾತ್ರ ನಡೆದ ಹಾಗೆಯೇ ಬರೆಯುತ್ತೇನೆ.

ಮಗಳ ಎರಡನೆಯ ಬಾಣಂತನಕ್ಕೆಂದು ನಾನು ಗದಗಿನ ಕಡೆಯಿಂದ ಆ ದೇಶಕ್ಕೆ ಹೋದೆ. ಮನೆ ಮುಕಿಲ್ಟಿಯೊದಲ್ಲಿ, ನೀರಿನ ದಂಡೆಯ ಊರು. ಅಡಿಗೆಮನೆಯ ಕಿಟಕಿಯಿಂದ ಕಾರುಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಹೋಗುವ ದೊಡ್ಡ ದೋಣಿ ಕಾಣುತ್ತಿತ್ತು. ಅಳಿಯಂದಿರು ಮೈಸೂರಿನವರು. ಮನೆಯಿಂದ ಹತ್ತು ನಿಮಿಷದ ಹಾದಿಯಲ್ಲಿದ್ದ ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ, ವಿಮಾನದ ಹೊಟ್ಟೆಯೊಳಗೆ ತಂತಿ ಹಾಯಿಸಿ ಬಿಗಿಯುವ ಕೆಲಸ. ಮೊದಲನೆಯ ಮೊಮ್ಮಗಳಿಗೆ ಆಗ ಆರು ವರ್ಷ. ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ಮೊಮ್ಮಗಳು ಹುಟ್ಟುವಾಗ ಅವಳ ಅಪ್ಪ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರಂತೆ, ಬಂದು ನೋಡಿದ್ದು ಮೂರನೆಯ ದಿನ. ಮಗಳು ಅದನ್ನು ಮರೆತಿರಲಿಲ್ಲ. "ಈ ಸಲ ನೀನು ಇಲ್ಲಾಂದ್ರೆ ನಾನು ಹೆರೋದೇ ಇಲ್ಲ, ನೋಡು," ಎಂದು ಗಂಡನಿಗೆ ವಾರಕ್ಕೊಮ್ಮೆ ಹೇಳುತ್ತಿದ್ದಳು. "ಪ್ರಾಮಿಸ್ ಮಾಡಿದೀನಲ್ಲ ಮಾರಾಯ್ತಿ," ಎಂದು ಅವರೂ ವಾರಕ್ಕೊಮ್ಮೆ ಹೇಳುತ್ತಿದ್ದರು.

ಈಗ ಅವರ ಸೊಂಟದ ಸಾಮಾನಿನ ವಿಷಯ. ಬೆಲ್ಟಿಗೆ ಒಂದು ಚರ್ಮದ ಚೀಲ, ಅದರೊಳಗೆ ಮಡಚಿದ ಒಂದು ಉಕ್ಕಿನ ಗಂಟು. ಬಿಚ್ಚಿದರೆ ಇಕ್ಕಳ. ಹಿಡಿಕೆಯ ಒಳಗಿಂದ ಉಗುರಿನಲ್ಲಿ ಎಳೆದರೆ ಚಾಕು, ಗರಗಸ, ಕತ್ತರಿ, ಡಬ್ಬಿ ತೆರೆಯುವ ಕೊಕ್ಕೆ, ಎರಡು ನಮೂನೆಯ ತಿರುಪುಳಿ, ಒಂದು ಅರ. ಮಲ್ಟಿಟೂಲ್ ಎನ್ನುತ್ತಿದ್ದರು. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಅದನ್ನು ಸೊಂಟಕ್ಕೆ ಏರಿಸಿದರೆ ಇಳಿಸುವುದು ಸ್ನಾನಕ್ಕೆ ಹೋಗುವಾಗ, ಇಲ್ಲವೇ ಮಲಗುವಾಗ. ಗೊಂಬೆಯ ಬ್ಯಾಟರಿ ಮುಚ್ಚಳ ತೆಗೆಯಲು ಅದೇ, ಮಗುವಿನ ಬೆರಳಿಗೆ ಚುಚ್ಚಿದ ಕಟ್ಟಿಗೆಯ ಸಿಬಿರು ಕೀಳಲು ಅದೇ, ದೋಣಿಯ ದಂಡೆಗೆ ತಿರುಗಾಡಲು ಹೋದರೆ ಕಿತ್ತಳೆ ಸುಲಿಯಲು ಅದೇ. ಹುಟ್ಟುವ ಕೂಸಿಗೆಂದು ತಂದ ತೊಟ್ಟಿಲನ್ನು ಪೂರ್ತಿ ಅದರಿಂದಲೇ ಜೋಡಿಸಿದರು. ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿದ ದಿನ ರೇಷ್ಮೆ ಮಡಿ ಉಟ್ಟು, ಅದರ ಮೇಲೆ ಬೆಲ್ಟು ಕಟ್ಟಿ, ಚರ್ಮದ ಚೀಲ ಸಿಗಿಸಿಕೊಂಡೇ ಮಣೆಯ ಮೇಲೆ ಕೂತರು.

"ದೇವರ ಮುಂದ ಬಿಚ್ಚಿಡಬಾರದೇನ?" ಎಂದೆ ಮಗಳ ಕಿವಿಯಲ್ಲಿ.

"ಅವ್ವಾ, ಅದು ಅವನ ಜನಿವಾರ ಇದ್ದಂಗ. ಬಿಡ ನೀ."

ನಾನು ನಕ್ಕರೂ ನನಗೆ ಅದು ಬಹಳ ಹಿಡಿಸಿತ್ತು. ನನ್ನ ಅವ್ವನ ಸೊಂಟದಲ್ಲಿ ಒಂದು ಬೆಳ್ಳಿಯ ಬಳೆಯಿತ್ತು. ಅದಕ್ಕೆ ಮುಳ್ಳು ಕೀಳುವ ಚಿಮಟ, ಕಿವಿಗಡ್ಡಿ, ಸಂದೂಕದ ಕೀಲಿ, ಒಂದು ಸಣ್ಣ ದಬ್ಬಣ, ಎಲ್ಲ ತೂಗುಬಿದ್ದಿರುತ್ತಿದ್ದವು. ಓಣಿಯ ಮಕ್ಕಳ ಕಾಲಿಗೆ ಜಾಲಿಮುಳ್ಳು ಚುಚ್ಚಿದರೆ ನಮ್ಮ ಮನೆಗೇ ಕುಂಟುತ್ತ ಬರುತ್ತಿದ್ದರು. ಅವಳಾದ ಮೇಲೆ ಅದು ನನ್ನ ಸೊಂಟಕ್ಕೆ ಬಂತು. ಅದರ ಜೊತೆ ಎಲೆ ಅಡಿಕೆಯ ಸಂಚಿ, ಸಂಚಿಯಲ್ಲಿ ಅವ್ವನದೇ ಅಡಕೊತ್ತು. ಬೇಕಾದದ್ದು ಮೈಮೇಲೆಯೇ ಇರಬೇಕು, ಹುಡುಕಬಾರದು ಎನ್ನುವ ಅಳಿಯಂದಿರ ಬುದ್ಧಿ ನನಗೆ ಹೊಸದಲ್ಲ.

ಆದರೆ ಬರುವಾಗ ವಿಮಾನ ಹತ್ತುವ ಮುಂಚೆ ತಪಾಸಣೆಯವರು ನನ್ನ ಕೈಚೀಲದಿಂದ ಅಡಕೊತ್ತನ್ನು ತೆಗೆದುಕೊಂಡರು. ಬೆಳ್ಳಿ ಬಳೆಯನ್ನು ನೋಡಿ ಬಿಟ್ಟರು, ಅಡಕೊತ್ತನ್ನು ಬಿಡಲಿಲ್ಲ. ಇಡೀ ಗೋಟಡಿಕೆ ಮಾತ್ರ ಒಂದು ಪೊಟ್ಟಣ ಪೆಟ್ಟಿಗೆಯಲ್ಲಿ ಉಳಿಯಿತು. ಮನೆ ಮುಟ್ಟಿದ ಮೊದಲ ದಿನವೇ ಮಗಳು ಹೇಳಿದಳು: "ಅವ್ವಾ, ಇಲ್ಲಿ ಅಡಕಿ ತಂಬಾಕು ನಡಿಯೂದಿಲ್ಲ. ನೀ ಕೆಂಪಗ ಉಗುಳಿದ್ರ ನನ್ನ ಮಗಳು ರಕ್ತ ಅಂತ ಅಂಜತಾಳ. ಡಾಕ್ಟರೂ ಬ್ಯಾಡ ಅಂದಾರ ನಿನಗ. ಬಿಡತೀನಿ ಅಂತ ನನ್ನ ಹೊಟ್ಟಿ ಮುಟ್ಟಿ ಹೇಳು."

ಹೊಟ್ಟೆಯಲ್ಲಿದ್ದ ಕೂಸನ್ನು ಮುಟ್ಟಿ ಹೇಳಿದೆ. ಬಿಡಲಿಲ್ಲ. ಸಂಚಿಯನ್ನು ಸೀರೆಯ ಒಳಗೆ ಸೊಂಟಕ್ಕೆ ಇನ್ನೂ ಕೆಳಗೆ ಸಿಗಿಸಿಕೊಂಡೆ, ಅಷ್ಟೇ. ಅಡಿಕೆಯನ್ನು ಹಿತ್ತಲಿನ ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಜಜ್ಜುತ್ತಿದ್ದೆ. ಅರ್ಧ ಹುಲ್ಲಿನಲ್ಲಿ ಸಿಡಿದು ಹೋಗುತ್ತಿತ್ತು.

ಇನ್ನೊಂದು ಮಾತು ಹೇಳಲೇಬೇಕು, ಯಾಕೆಂದರೆ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಬರುವುದಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ ಅಳಿಯಂದಿರು ತಮ್ಮ ಮಲ್ಟಿಟೂಲಿನ ಹಿಡಿಕೆಯ ಮೇಲೆ ಕೊರೆದಿದ್ದ ಅಂಕಿಗಳನ್ನು ತೋರಿಸಿದರು.

"ಇದು ಫ್ಯಾಕ್ಟರಿಲಿ ನನ್ನ ನಂಬರ್, ಅತ್ತೆ. ಒಳಗೆ ತಗೊಂಡು ಹೋಗೋ ಪ್ರತಿಯೊಂದು ಟೂಲಿಗೂ ನಂಬರ್ ಇರ್ಬೇಕು. ಹೋಗೋವಾಗ ತೋರಿಸ್ಬೇಕು, ಬರೋವಾಗ ತೋರಿಸ್ಬೇಕು. ಒಂದು ಸ್ಕ್ರೂ ಪ್ಲೇನ್ ಒಳಗೆ ಬಿದ್ದು ಕಳೆದ್ಹೋಯ್ತು ಅಂದ್ರೆ, ಸಿಗೋ ತನಕ ಎಲ್ಲಾ ಕೆಲಸ ಬಂದ್."

"ಒಂದ ಸ್ಕ್ರೂ ಸಲವಾಗಿ?"

"ಅದು ವೈರ್ ಮಧ್ಯೆ ಸೇರ್ಕೊಂಡ್ರೆ ಮೇಲೆ ಕೂತಿರೋ ಅಷ್ಟೂ ಜನರ ಪ್ರಾಣ ಅತ್ತೆ."

"ನಮ್ಮ ಮನ್ಯಾಗ ಚಮಚಾ ಕಳದ್ರ ಮುಸುರಿ ಕೂಡ ಹೋತು ಅಂತ ಸುಮ್ಮನಾಗತೀವ್ರಿ," ಎಂದೆ. ಎಲ್ಲರೂ ನಕ್ಕರು. ಹೀಗೆ ಎಲ್ಲವನ್ನೂ ಕೇಳಿಸಿಕೊಂಡವಳು ನಾನು.

ಒಂದು ರವಿವಾರ ಮಧ್ಯಾಹ್ನ ಮಗಳು ಮಲಗಿದ್ದಳು. ಅಳಿಯಂದಿರು ಸ್ನಾನಕ್ಕೆ ಹೋಗಿದ್ದರು. ಬೆಲ್ಟು ಬಾಗಿಲ ಹತ್ತಿರದ ಗೂಟಕ್ಕೆ ತೂಗುತ್ತಿತ್ತು, ಚರ್ಮದ ಚೀಲ ಸಮೇತ. ಹೊರಗೆ ಜಿಟಿಜಿಟಿ ಮಳೆ, ಹಿತ್ತಲಿನ ಕಲ್ಲು ನೆನೆದಿತ್ತು. ನನ್ನ ಬಾಯಿ ಬೆಳಗಿನಿಂದ ಒಣಗಿ ಅಡಿಕೆ ಅಡಿಕೆ ಎನ್ನುತ್ತಿತ್ತು. ಕೇಳಿದ್ದರೆ ಅಳಿಯಂದಿರು ಕೊಡುತ್ತಿದ್ದರು. ಆದರೆ ಏತಕ್ಕೆ ಎಂದು ಹೇಳಬೇಕಾಗುತ್ತಿತ್ತಲ್ಲ!

ತೆಗೆದುಕೊಂಡೆ. ಮೊದಲು ಇಕ್ಕಳದಲ್ಲಿ ಹಿಡಿದು ಹಿಸುಕಿದೆ. ಗೋಟಡಿಕೆ ಜಾರಿ ಒಲೆಯ ಕೆಳಗೆ ಓಡಿತು. ಅದನ್ನು ತೆಗೆದು ಒರೆಸಿ, ಚಾಕು ಬಿಚ್ಚಿ, ತುದಿಯನ್ನು ಅಡಿಕೆಗೆ ಚುಚ್ಚಿ, ಬೆನ್ನಿಗೆ ಲಟ್ಟಣಿಗೆಯಿಂದ ಕುಟ್ಟಿದೆ. ಒಳ್ಳೆಯ ಚಾಕು, ಇಳಿಯಿತು. ಅರ್ಧಕ್ಕೆ ನಿಂತಿತು. ಅಡಕೊತ್ತಿನ ಅಭ್ಯಾಸದ ಕೈ ನೋಡಿ, ಅಡ್ಡಕ್ಕೆ ತಿರುವಿದೆ. ಟಕ್ ಎಂದಿತು. ಅಡಿಕೆ ಎರಡು ಹೋಳಾಯಿತು, ಆದರೆ ಚಾಕುವಿನ ತುದಿ ಒಂದು ಹೋಳಿನಲ್ಲಿಯೇ ಉಳಿಯಿತು, ಎಳೆಗೂಸಿನ ಹಲ್ಲಿನಷ್ಟು, ಹೊಳೆಯುತ್ತ.

ಉಗುರಿನಿಂದ ಎಬ್ಬಿಸಿದೆ, ಬರಲಿಲ್ಲ. ಹಿಂದೆ ತಿರುಗಿದರೆ ಮೊಮ್ಮಗಳು ನಿಂತಿದ್ದಾಳೆ.

"ಅಜ್ಜಿ! ಯು ಬ್ರೋಕ್ ಡ್ಯಾಡೀಸ್ ಟೂಲ್!"

"ಶ್! ಹೇಳಬ್ಯಾಡ ನನ್ನವ್ವ. ನಿನಗ ಶೇಂಗಾ ಉಂಡಿ ಕೊಡತೀನಿ. ಎರಡ ಕೊಡತೀನಿ."

ಆರು ವರ್ಷದ ಕೂಸು ಉಂಡೆ ತೆಗೆದುಕೊಂಡಿತು, ಆದರೆ ತಿನ್ನುತ್ತ ನನ್ನ ಮುಖವನ್ನೇ ನೋಡುತ್ತಿತ್ತು. ಚಾಕುವನ್ನು ಮಡಚಿದರೆ ಏನೂ ಕಾಣುತ್ತಿರಲಿಲ್ಲ. ಚೀಲದಲ್ಲಿಟ್ಟು ಗೂಟಕ್ಕೆ ಹಾಕಿದೆ. ತುದಿ ಸಿಕ್ಕಿದ್ದ ಹೋಳನ್ನು ಕಸಕ್ಕೆ ಹಾಕಿದರೆ ಮಗಳು ಕಂಡಾಳೆಂದು ಸಂಚಿಗೇ ಹಾಕಿಕೊಂಡೆ. ಉಳಿದ ಹೋಳನ್ನು ಬಾಯಿಗೆ ಹಾಕಿಕೊಂಡೆ. ರುಚಿ ಹತ್ತಲಿಲ್ಲ.

ಹೇಳಿದರಾಯಿತು, ಹೇಳಿದರಾಯಿತು ಎನ್ನುವುದರಲ್ಲಿ ಸೋಮವಾರ ಬಂತು. ಬೆಳಿಗ್ಗೆ ಆರಕ್ಕೆ ಅಳಿಯಂದಿರು ಹೊರಟರು. ನಾನು ಒಲೆಯ ಮುಂದೆ ಉಪ್ಪಿಟ್ಟು ತಿರುವುತ್ತಿದ್ದೆ. ಬೂಟು ಕಟ್ಟಿಕೊಂಡು, ಸೊಂಟದ ಚೀಲವನ್ನು ಎರಡು ಸಲ ತಟ್ಟಿ ನೋಡಿಕೊಂಡರು, ದಿನವೂ ಹಾಗೆಯೇ ಮಾಡುತ್ತಿದ್ದರು.

"ಅತ್ತೆ, ಇನ್ನೂ ಎರಡು ವಾರ ಇದೆ ಅಂತಾರೆ. ಆದ್ರೂ ಏನಾದ್ರೂ ಆದ್ರೆ ಕಾಲ್ ಮಾಡಿಸಿ. ಹತ್ತೇ ನಿಮಿಷ, ಬಂದ್ಬಿಡ್ತೀನಿ."

"ಹೂನ್ರಿ," ಎಂದೆ. ಬಾಯಿಯವರೆಗೆ ಬಂದದ್ದನ್ನು ಸೌಟಿನ ಜೊತೆ ತಿರುವಿಬಿಟ್ಟೆ. ಕದ ಮುಚ್ಚಿಕೊಂಡಿತು.

ಹತ್ತು ಗಂಟೆಗೆ ಮಗಳು ಬಚ್ಚಲಿನಿಂದ ಕೂಗಿದಳು. ಹೊಟ್ಟೆಯ ನೀರು ಒಡೆದು ಹೋಗಿತ್ತು. ಗಂಡನ ಮೊಬೈಲಿಗೆ ಹಚ್ಚಿದಳು, ಎತ್ತಲಿಲ್ಲ. ಕೆಲಸದ ಜಾಗಕ್ಕೆ ಮೊಬೈಲು ಒಯ್ಯುವುದಿಲ್ಲ, ಹೊರಗೆ ಕಪಾಟಿನಲ್ಲಿಡುತ್ತಾರೆ. ಆಮೇಲೆ ಅವರ ಆಫೀಸಿಗೆ ಹಚ್ಚಿ ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದಳು. ಫೋನು ಇಟ್ಟಾಗ ಅವಳ ಕಣ್ಣು ತುಂಬಿದ್ದವು.

"ಅವ್ವಾ, ಅವನ ಮಲ್ಟಿಟೂಲಿನ ಚಾಕು ತುದಿ ಮುರದೈತಂತ. ಒಳಗ ಏನೋ ಕೊಯ್ಯಾಕ ಬಿಚ್ಚಿದಾಗ ನೋಡ್ಯಾನ. ವಿಮಾನದಾಗ ಬಿದ್ದಿರಬೇಕು ಅಂತ ಎಂಟ ಮಂದಿ ನೆಲಕ್ಕ ಮಾರಿ ಹಚ್ಚಿ ಹುಡಕಾಕ ಹತ್ಯಾರಂತ. ನನ್ನ ಸುದ್ದಿ ಅವಂಗ ಮುಟ್ಟಿಸ್ಯಾರ. ಮ್ಯಾಲಿನಾಂವ ನೀ ಹೋಗು ಅಂದಾನಂತ. ಇವನ ಒಲ್ಲೆ ಅಂತಾನಂತ! ನನ್ನ ತುಂಡು, ಅದು ಸಿಗೂತನಕ ಇವರನ್ನ ಬಿಟ್ಟು ಹೆಂಗ ಹೋಗಲಿ ಅಂತಾನಂತ!"

ನನ್ನ ಸೊಂಟದ ಸಂಚಿ ಕೆಂಡದ ಹಾಗೆ ಸುಟ್ಟಿತು. ಹೇಳಬೇಕಾಗಿದ್ದುದು ಆಗಲೇ. ಒಂದೇ ಮಾತು. ನಾನು ಏನು ಮಾಡಿದೆ? ಮಗಳ ಬಟ್ಟೆಯ ಚೀಲ ತುಂಬಿದೆ. ನೋವು ತಿನ್ನುವವಳಿಗೆ ಈಗ ಇದನ್ನು ಹೇಳಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಬೇರೆ ತುಂಡೂ ಇರಬಹುದು ಎಂದೂ ಹೇಳಿಕೊಂಡೆ. ಹೆದರಿಕೆಗೆ ಎಷ್ಟು ಚಂದದ ಕಾರಣಗಳು ಸಿಗುತ್ತವೆ ನೋಡಿ. ನಿಜ ಇಷ್ಟೇ: ಹೊಟ್ಟೆ ಮುಟ್ಟಿ ಆಣೆ ಮಾಡಿ ಅಡಿಕೆ ತಿಂದವಳೆಂದು ಮಗಳಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು.

ಪಕ್ಕದ ಮನೆಯ ತೆಲುಗು ಹೆಂಗಸು ಕಾರು ತಂದಳು. ಅನಂತಪುರದ ಕಡೆಯವಳು, ಕನ್ನಡ ಸಾಕಷ್ಟು ಬರುತ್ತಿತ್ತು. "ಪದಂಡಿ, ಪದಂಡಿ! ಭಯ ಬೇಡ ಅಮ್ಮಾ, ನಾನು ಬಿಡ್ತೀನಿ," ಎಂದು ಎಲ್ಲರನ್ನೂ ಕೂರಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ ಮೊಮ್ಮಗಳು ನನ್ನನ್ನು ನೋಡುತ್ತಿದ್ದಳು. ನಾನು ಕಿಟಕಿ ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಹನ್ನೊಂದು ಹೋಯಿತು, ಹನ್ನೆರಡು ಹೋಯಿತು. ನೋವು ಬಂದಾಗ ಮಗಳು ನನ್ನ ಕೈ ಹಿಡಿಯುತ್ತಿದ್ದಳು. ನೋವು ಇಳಿದಾಗ ಬಾಗಿಲು ನೋಡುತ್ತಿದ್ದಳು. ಒಂದು ಸಲ ಗೋಡೆಗೆ ಮುಖ ಮಾಡಿ ಸಣ್ಣಗೆ ಅಂದಳು: "ಮೊದಲನೇ ಸಲಾನೂ ಇಲ್ಲ, ಈಗೂ ಇಲ್ಲ. ನನ್ನ ಹಣೇಬರಾ ಅವ್ವಾ. ಅವಂಗ ಬೈಬೇಕಂತನೂ ಅನಸೂದಿಲ್ಲ. ಆ ಕೆಲಸಾನ ಹಂಗ ಐತಿ."

ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಗಂಡನನ್ನು ಕ್ಷಮಿಸಿಬಿಟ್ಟಳಲ್ಲ, ಮಾಡದ ತಪ್ಪಿಗೆ! ಅಷ್ಟರಲ್ಲಿ ಮೊಮ್ಮಗಳು ನನ್ನ ಸೆರಗು ಜಗ್ಗಿದಳು. ನನ್ನ ಕಿವಿಗೆ ಬಾಯಿ ಹಚ್ಚಿ, ಗುಟ್ಟಿನ ದನಿಯಲ್ಲಿ ಹೇಳಿದಳು.

"ಅಜ್ಜಿ, ಯು ಹ್ಯಾವ್ ಟು ಟೆಲ್."

ಇಂಗ್ಲಿಷ್ ಬರದ ನನಗೂ ತಿಳಿಯಿತು.

ಸೀರೆಯೊಳಗಿಂದ ಸಂಚಿ ಎಳೆದು ಹಾಸಿಗೆಯ ಬಿಳಿ ಚಾದರದ ಮೇಲೆ ಬಿಚ್ಚಿದೆ. ಅಡಿಕೆಯ ಹೋಳನ್ನು ಎತ್ತಿ ಮಗಳ ಕಣ್ಣಿನ ಮುಂದೆ ಹಿಡಿದೆ.  ಅವಳು ತುದಿಯನ್ನು ನೋಡಿದಳು, ಅಡಿಕೆ ನೋಡಿದಳು, ನನ್ನ ಹಲ್ಲು ನೋಡಿದಳು.

"ಅವ್ವಾ! ನೀ ಇನ್ನೂ ಅಡಕಿ ಬಿಟ್ಟಿಲ್ಲಾ?"

ಮೊದಲು ಕೇಳಿದ್ದು ಅದನ್ನೇ! ತುದಿಯ ವಿಷಯ ತಲೆಗೆ ಹೋಗಲು ಇನ್ನೊಂದು ಗಳಿಗೆ ಬೇಕಾಯಿತು. ಹೋದ ಮೇಲೆ ಬೈಯಲು ಬಾಯಿ ತೆರೆದಳು, ನೋವು ಬಂತು, ಬೈಗುಳ ನರಳಿಕೆಯಾಗಿ ಹೋಯಿತು. ಇಳಿದ ಮೇಲೆ ಅಂದದ್ದು ಇಷ್ಟು: "ಎಂಟ ಮಂದಿ ಅವ್ವಾ. ಮುಂಜಾನಿಂದ." ಅಷ್ಟಕ್ಕಿಂತ ಹೆಚ್ಚು ಬೈಯಲು ಯಾರಿಂದ ಸಾಧ್ಯ?

ಕಾರ್ಖಾನೆಗೆ ಫೋನು ಹೋಯಿತು. ಬಾಯಿ ಮಾತು ಸಾಲದು, ತುಂಡನ್ನು ಕಣ್ಣಿನಿಂದ ನೋಡಬೇಕು, ಚಾಕುವಿಗೆ ಹೊಂದಿಸಿ ನೋಡಬೇಕು, ಆಗಲೇ ಹುಡುಕುವುದನ್ನು ನಿಲ್ಲಿಸುವುದು ಎಂದರು. ಮೊಮ್ಮಗಳು ನರ್ಸಿನ ಜೊತೆ ಅಮ್ಮನ ಹತ್ತಿರ ಉಳಿದಳು. ನಾನೂ ತೆಲುಗು ಹೆಂಗಸೂ ಮತ್ತೆ ಕಾರು ಹತ್ತಿದೆವು. ಅಡಿಕೆಯನ್ನು ಎರಡೂ ಅಂಗೈ ನಡುವೆ ಮುಚ್ಚಿ ಹಿಡಿದುಕೊಂಡಿದ್ದೆ, ಹಾರಿಹೋಗುವ ಹಕ್ಕಿಯ ಹಾಗೆ.

ಗೇಟಿನ ಹತ್ತಿರ ಒಂದು ಸಣ್ಣ ಕೋಣೆ. ಅಲ್ಲಿ ಅಳಿಯಂದಿರು, ಅವರ ಪಕ್ಕ ಅವರ ಮೇಲಿನವ, ಬಿಳಿ ಕೂದಲಿನ ಎತ್ತರದ ಮನುಷ್ಯ. ಬಾಗಿಲ ಹೊರಗೆ ಅವರ ಜೊತೆಯವರು ಇಬ್ಬರು ನಿಂತಿದ್ದರು. ಎಲ್ಲರ ಮೊಣಕಾಲಿನ ಮೇಲೆಯೂ ಧೂಳಿನ ದುಂಡು ಗುರುತು. ಅಳಿಯಂದಿರ ಹಣೆಯ ಮೇಲೂ ಒಂದು ಗೆರೆ. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಅಳಿಯನ ಎದುರು ಮುಖ ಎತ್ತಿ ಮಾತಾಡುವ ರೂಢಿ ನಮ್ಮಲ್ಲಿ ಮೊದಲೇ ಇಲ್ಲ, ಆ ದಿನ ಎತ್ತುವ ಮುಖವೂ ಇರಲಿಲ್ಲ.

ಆ ಮನುಷ್ಯ ಕೈಗವಸು ಹಾಕಿಕೊಂಡು ಅಡಿಕೆ ತೆಗೆದುಕೊಂಡ. ತಿರುಗಿಸಿ ನೋಡಿದ, ಮೂಸಿ ನೋಡಿದ. ಅಳಿಯಂದಿರ ಚಾಕು ಬಿಚ್ಚಿ, ಮುರಿದ ಅಂಚನ್ನು ಅದರ ಹತ್ತಿರ ತಂದು, ಭೂತಗನ್ನಡಿಯಲ್ಲಿ ನೋಡಿದ. ಕೂಡಿತು.

"ನಾನ ಮುರದದ್ದು," ಎಂದೆ ನೆಲ ನೋಡುತ್ತ. "ಅಡಕಿ ಒಡಿಯಾಕ ಹೋಗಿ ಮುರದೆ. ಕೇಳಲಾರದ ತಗೊಂಡೆ. ಮುರದ ಮ್ಯಾಲೆ ಮುಚ್ಚಿಟ್ಟೆ. ಮುಂಜಾನೆ ಫೋನ್ ಬಂದಾಗೂ ಗೊತ್ತಿದ್ದು ಹೇಳಲಿಲ್ಲ. ಅಳಿಯಾರದು ಏನೂ ತಪ್ಪಿಲ್ಲ. ಇದೆಲ್ಲಾ ಹೇಳ್ರಿ ಅವರಿಗೆ."

ಅಳಿಯಂದಿರು ಇಂಗ್ಲಿಷಿನಲ್ಲಿ ನಾಲ್ಕು ಶಬ್ದ ಹೇಳಿದರು.

"ಅಷ್ಟನ ಹೇಳಿದ್ರೇನು?"

"ಸಾಕು ಅತ್ತೆ. ಅರ್ಥ ಆಯ್ತು ಅವರಿಗೆ."

"ಸಾಕಾಗೂದಿಲ್ಲ." ನಾನು ತೆಲುಗು ಹೆಂಗಸಿನ ಕಡೆ ತಿರುಗಿದೆ. "ತಂಗಿ, ನೀ ಹೇಳ. ಮುಚ್ಚಿಟ್ಟೆ ಅನ್ನೂದನ್ನ ಹೇಳ." ಅವಳು ಪಾಪ, ಅಳಿಯಂದಿರ ಮುಖ ನೋಡಿ, ಎಲ್ಲವನ್ನೂ ಹೇಳಿದಳು. ಬಿಳಿ ಕೂದಲಿನವ ಪೂರ್ತಿ ಕೇಳಿಸಿಕೊಂಡ. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದ.

"ಇನ್ನೂ ಬೇರೆ ಚೂರು ಏನಾದ್ರೂ ಇದ್ಯಾ ಅಂತ ಕೇಳ್ತಿದಾರೆ ಅತ್ತೆ," ಎಂದರು ಅಳಿಯಂದಿರು, ಬಹಳ ಮೆತ್ತಗೆ. "ಬ್ಯಾಗಲ್ಲಿ ನೋಡ್ಬೇಕಂತೆ."

ಆ ಮೇಜಿನ ಮೇಲೆ ಸಂಚಿಯನ್ನು ಬೋರಲು ಮಾಡಿದೆ. ಸುಣ್ಣದ ಡಬ್ಬಿ, ಎರಡು ಲವಂಗ, ಅಡಿಕೆಯ ಹುಡಿ, ಒಂದು ಗುಂಡಿ, ಮೊಮ್ಮಗಳ ಹಳೆಯ ಕೂದಲಿನ ಪಿನ್ನು. ಕೊನೆಗೆ ಕಾಗದದ ಮಡಿಕೆಯಲ್ಲಿ ತಂಬಾಕು. ಅದನ್ನು ತಿನ್ನುವುದು ಅಳಿಯಂದಿರಿಗೆ ಗೊತ್ತೇ ಇರಲಿಲ್ಲ. ಐವತ್ತು ವರ್ಷ ಸೀರೆಯ ಒಳಗೆ ಇಟ್ಟುಕೊಂಡದ್ದು ನಾಲ್ಕು ಗಂಡಸರ ಎದುರು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಿದ್ದಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದು ಏನೆಂದು ಆ ದಿನ ತಿಳಿಯಿತು. ಆ ಮನುಷ್ಯ ಒಂದೊಂದನ್ನೇ ಬೆರಳಿನಿಂದ ಸರಿಸಿ ನೋಡಿದ. ಅವನಿಗೆ ನನ್ನನ್ನು ಅವಮಾನ ಮಾಡುವುದು ಬೇಕಿರಲಿಲ್ಲ, ವಿಮಾನದಲ್ಲಿ ಕೂರುವವರ ಚಿಂತೆ ಅವನಿಗೆ. ಅದಕ್ಕೇ ಇನ್ನೂ ನಾಚಿಕೆಯಾಯಿತು. ನೋಡಿ ಮುಗಿಸಿ, ಅಡಿಕೆ ಮತ್ತು ಮಲ್ಟಿಟೂಲನ್ನು ಒಂದು ಚೀಲಕ್ಕೆ ಹಾಕಿ ಏನೋ ಬರೆದ. ಹೊರಗೆ ನಿಂತವರಿಗೆ ತಲೆಯಾಡಿಸಿದ. ಅವರಲ್ಲಿ ಒಬ್ಬ ಎರಡೂ ಕೈ ಸೊಂಟಕ್ಕಿಟ್ಟು ಬೆನ್ನನ್ನು ಹಿಂದಕ್ಕೆ ಬಾಗಿಸಿ ನಿಟ್ಟುಸಿರು ಬಿಟ್ಟ. ಅವನ ಆ ಬೆನ್ನು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕಾರಿನಲ್ಲಿ ನಾನು ಹಿಂದೆ, ಅಳಿಯಂದಿರು ಮುಂದೆ. 

"ತಪ್ಪಾತ್ರಿ," ಎಂದೆ.

"ನಂದೂ ಇದೆ ಅತ್ತೆ. ಬೆಳಿಗ್ಗೆ ಒಳಗೆ ಹೋಗೋವಾಗ ಎಲ್ಲಾ ಬ್ಲೇಡ್ ಬಿಚ್ಚಿ ನೋಡ್ಬೇಕು ಅಂತ ರೂಲ್ಸ್. ದಿನಾ ನನ್ನ ಸೊಂಟದಲ್ಲೇ ಇರತ್ತಲ್ಲ ಅಂತ ಮಡಚಿದ್ದೇ ತೋರಿಸ್ಬಿಟ್ಟೆ. ಅದನ್ನ ಬರ್ಕೊಟ್ಟಿದೀನಿ."

 ಆಸ್ಪತ್ರೆಯ ತಿರುವು ಬಂದಾಗ ಹಿಂದೆ ತಿರುಗದೆಯೇ ಕೇಳಿದರು: "ಅತ್ತೆ, ಅಡಿಕೆ ಒಡೀತಾ?"

"ಒಡೀತ್ರಿ," ಎಂದೆ. "ಅರ್ಧ ತಿಂದೆ."

ತೆಲುಗು ಹೆಂಗಸು ಎಷ್ಟು ನಕ್ಕಳೆಂದರೆ ಕಾರನ್ನು ಎರಡು ಗಾಡಿಯ ಜಾಗದಲ್ಲಿ ಅಡ್ಡ ನಿಲ್ಲಿಸಿದಳು. ಅಳಿಯಂದಿರು ಕದ ಮುಚ್ಚುವುದನ್ನೂ ಮರೆತು ಓಡಿದರು. ನಾವು ಮೂರನೇ ಮಾಳಿಗೆ ಮುಟ್ಟುವಾಗ ಅವರು ಆಗಲೇ ಮಗಳ ತಲೆಯ ಹತ್ತಿರ ನಿಂತಿದ್ದರು, ಹಣೆಯ ಮೇಲೆ ಆ ಧೂಳಿನ ಗೆರೆ ಹಾಗೆಯೇ. ಮಗಳು ಅವರ ಅಂಗಿಯನ್ನು ಹಿಡಿ ತುಂಬ ಹಿಡಿದುಕೊಂಡಿದ್ದಳು, ಬಿಡಲಿಲ್ಲ. ನಾನು ಹೊರಗೆ ಬೆಂಚಿನ ಮೇಲೆ ಕೂತು, ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು, ಬರುವ ಎಲ್ಲ ದೇವರ ಹೆಸರನ್ನೂ ಹೇಳಿದೆ. ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ. ಒಳಗೆ ಕೂಸು ಅತ್ತಿತು. ಅದರ ಹಿಂದೆಯೇ ಅದರ ಅಪ್ಪ ಅತ್ತದ್ದೂ ಕೇಳಿಸಿತು.

ಹಿಡಿದ ಕೂಸನ್ನು ನಾನು ಯಾರಿಗೂ ಕೊಡಲಿಲ್ಲ. ಮೊಮ್ಮಗಳು ಬಂದು ತಂಗಿಯ ಕಿವಿಯಲ್ಲಿ ಏನೋ ಹೇಳಿದಳು. ನನ್ನ ಗುಟ್ಟೇ ಇರಬೇಕೆಂದು ಅಂಜಿದೆ. ಅವಳ ಎರಡು ಉಂಡೆಯ ವಿಷಯವನ್ನು ಅವರಮ್ಮನಿಗೆ ನಾನೇ ಹೇಳಿದೆ, ಮಗುವಿಗೆ ಮುಚ್ಚಿಡುವುದನ್ನು ಕಲಿಸಿದವಳು ನಾನೇ ಎಂದು. ಮಗಳು, "ಗೊತ್ತಾತು ಬಿಡ," ಎಂದಳು, ಕೂಸನ್ನು ನೋಡುತ್ತ. ಆಮೇಲೆ ಕೈ ಚಾಚಿದಳು. ಖಾಲಿ ಸಂಚಿಯನ್ನು ಅವಳ ಕೈಗೆ ಕೊಟ್ಟೆ. ಅಲ್ಲಿದ್ದ ಮೂರು ತಿಂಗಳು ಅಡಿಕೆ ಮುಟ್ಟಲಿಲ್ಲ. ಊರಿಗೆ ಬಂದ ಮೇಲೆ ಮತ್ತೆ ಶುರುವಾಯಿತು, ಅದನ್ನೂ ಬರೆದಿಡುತ್ತೇನೆ.

ಸಂಜೆ ಏಳಕ್ಕೆ ತೆಲುಗು ಹೆಂಗಸು ಊಟ ತಂದಳು. ಹಡೆದವಳಿಗೆ ಆಸ್ಪತ್ರೆಯವರು ಐಸು ಹಾಕಿದ ಜ್ಯೂಸು ಕೊಟ್ಟಿದ್ದರು, ನಾನು ಅದನ್ನು ನೋಡಿ ಬಾಯಿ ಬಡಿದುಕೊಂಡು ಕಿಟಕಿಯಲ್ಲಿ ಇಟ್ಟಿದ್ದೆ. ಇವಳು ತಂದದ್ದು ಬಿಸಿ ಅನ್ನ, ಮೆಣಸಿನ ಸಾರು, ಬೆಂಡೆಕಾಯಿ ಪಲ್ಯ. ನಮ್ಮ ಮನೆಗೂ ಹೋಗಿ ನಾನು ಮುಂಜಾನೆ ಬಡಿದಿಟ್ಟಿದ್ದ ರೊಟ್ಟಿ, ತುಪ್ಪದ ಸ್ಟೀಲ್ ಡಬ್ಬಿ ತಂದಿದ್ದಳು. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಅಳಿಯಂದಿರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಚರ್ಮದ ಚೀಲ ಖಾಲಿ. ಏನಾದರೂ ಕೊಡೋಣವೆಂದು ನನ್ನ ಕೈಯೂ ಸೊಂಟಕ್ಕೆ ಹೋಯಿತು. ಬೆಳ್ಳಿ ಬಳೆಯೇನೋ ಇತ್ತು, ಆದರೆ ಚಿಮಟಕ್ಕೆ ಮುಚ್ಚಳ ಏಳುತ್ತದೆಯೇ?

ಮಗಳು ಇಬ್ಬರನ್ನೂ ನೋಡಿ ಹೊಟ್ಟೆ ಹಿಡಿದುಕೊಂಡಳು. "ಅಯ್ಯೋ, ನಗಿಸ್ಬೇಡಿ, ನೋಯತ್ತೆ! ಒಬ್ರಿಗಿಂತ ಒಬ್ರು!"

"ಗಿವ್ ಮಿ," ಎಂದು ಮೊಮ್ಮಗಳು ಡಬ್ಬಿ ಕಿತ್ತುಕೊಂಡು, ಚಮಚದ ಹಿಡಿಕೆಯನ್ನು ಅಂಚಿಗೆ ಸಿಗಿಸಿ ಒತ್ತಿದಳು. ಮುಚ್ಚಳ ಹಾರಿ ಮಂಚದ ಕೆಳಗೆ ಉರುಳಿತು. ಅಳಿಯಂದಿರು ತಟ್ಟನೆ ಮೊಣಕಾಲೂರಿ ಹುಡುಕತೊಡಗಿದರು. "ಸಿಗೋ ತನಕ ಯಾರೂ ಊಟ ಮಾಡೋ ಹಾಗಿಲ್ಲ," ಎಂದರು ಕೆಳಗಿನಿಂದಲೇ. ನಾನೂ ಸೆರಗು ಸಿಗಿಸಿ ಅವರ ಪಕ್ಕದಲ್ಲಿ ಮೊಣಕಾಲೂರಿದೆ. ಸಿಕ್ಕಿತು.

ಮಗಳ ಅನ್ನಕ್ಕೆ ಮೊದಲು ತುಪ್ಪ ಬಡಿಸಿದೆ, ಆಮೇಲೆ ಅಳಿಯಂದಿರಿಗೆ, ಹುಡುಗಿಗೆ, ತೆಲುಗು ತಂಗಿಗೆ. ಅಳಿಯಂದಿರು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನನ್ನ ತಟ್ಟೆಗೆ ಎರಡು ಚಮಚ ಹಾಕಿದರು. ಕೂಸು ಗಾಜಿನ ತೊಟ್ಟಿಲಿನಲ್ಲಿ ಮುಷ್ಟಿ ಸಡಿಲಿಸಿ ಮಲಗಿತ್ತು. ಮಂಚದ ಸುತ್ತ ಕುರ್ಚಿ ಎಳೆದುಕೊಂಡು, ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲರೂ ಕೂಡಿ ಉಂಡೆವು.